ಕಡಿಮೆ ಖರ್ಚಿನಲ್ಲಿ ಕಂಡ ಧ್ರುವಪ್ರಭೆ

ಧ್ರುವಪ್ರದೇಶದ ರಾತ್ರಿಯಾಕಾಶದಲ್ಲಿ ಕುಣಿಯುವ ಬಣ್ಣದ ಬೆಳಕಾದ ಧ್ರುವಪ್ರಭೆ (ಅರೋರಾ) ಹಣವಂತರಿಗಷ್ಟೇ ಎಂದು ನಂಬಿ ವರ್ಷಗಟ್ಟಲೆ ಸುಮ್ಮನಿದ್ದ ನಾನು, ಕೊನೆಗೆ ಮಾರ್ಚ್ ತಿಂಗಳಲ್ಲಿ ಸ್ಟಾಕ್‌ಹೋಮಿನಿಂದ ರಾತ್ರಿ ರೈಲು ಹಿಡಿದು ಸ್ವೀಡನ್ನಿನ ಉತ್ತರದಂಚಿನ ಅಬಿಸ್ಕೊಗೆ ಹೋದೆ. ಬರ್ತ್ ಬಿಟ್ಟು ಕೂರುವ ಸೀಟನ್ನೇ ಕಾಯ್ದಿರಿಸಿದ್ದರಿಂದ ಟಿಕೆಟ್ಟಿನ ಹಣದ ಜೊತೆಗೆ ಒಂದು ರಾತ್ರಿಯ ಕೋಣೆ ಬಾಡಿಗೆಯೂ ಉಳಿಯಿತು. ಮನೆಯಿಂದ ಒಯ್ದಿದ್ದ ಅವಲಕ್ಕಿ, ಚಟ್ನಿಪುಡಿಗಳೇ ಮೂರು ದಿನದ ಊಟ.

ಪಶ್ಚಿಮದ ಬೆಟ್ಟಗಳು ಮೋಡಗಳನ್ನು ತಡೆಯುವುದರಿಂದ ಅಬಿಸ್ಕೊ ಪಕ್ಕದ ಟೋರ್ನೆತ್ರೆಸ್ಕ್ ಸರೋವರದ ಮೇಲಿನ ಆಕಾಶ ಆಗಾಗ ತಿಳಿಯಾಗಿರುತ್ತದೆ. ಆದ್ದರಿಂದ ವಾಹನದಲ್ಲಿ ಅಲೆದು ಬೆಳಕನ್ನು ಹುಡುಕುವ ದುಬಾರಿ ಪ್ರವಾಸ ಇಲ್ಲಿ ಅನಗತ್ಯವೆಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯ ರಾತ್ರಿ, ಹೆಪ್ಪುಗಟ್ಟಿದ ಸರೋವರದ ದಡದಲ್ಲಿ ನಿಂತಿದ್ದಾಗ, ತೆಳುಮೋಡವೆಂದು ನಾನು ಭಾವಿಸಿದ್ದ ಬೂದು ಪಟ್ಟಿಯೊಂದು ಮೆಲ್ಲನೆ ಹಸಿರೇರಿ, ಗಾಳಿಗೆ ಸಿಕ್ಕ ಸೆರಗಿನಂತೆ ಅಲುಗತೊಡಗಿತು. ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕ ಸೂಸುವ ಆ ಹಸಿರು, ಹಿಮದ ಮೇಲೂ ನನ್ನ ಕೈಗವಸಿನ ಮೇಲೂ ಬಿದ್ದಿತ್ತು.