ದಾವಣಗೆರೆಯಿಂದ ಹಂಪ್ತಾ ಪಾಸ್: ಹೊರಡೋ ಮುಂಚೆ ಇಷ್ಟು ತಿಳಿದಿರಲಿ

ಹಂಪ್ತಾ ಪಾಸ್ ದಾಟಿ ಬಂದೆವು ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಹತ್ತೋದು ಬಹಳ ಕಷ್ಟಾನಾ?" ಇಳಿಯೋದರ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಗುಂಪಿನಲ್ಲಿ ಮಂಡಿ ಹಿಡಿದುಕೊಂಡು ಕೂತವರೆಲ್ಲ ಇಳಿಯುವಾಗಲೇ ಕೂತದ್ದು.

ಹಿಮಾಚಲದ ಕುಲ್ಲು ಕಣಿವೆಯಿಂದ ಲಾಹೌಲ್ ಕಡೆಗೆ ದಾಟುವ ದಾರಿ ಇದು. ಪಾಸ್ ಎತ್ತರ ಸುಮಾರು 4,270 ಮೀಟರ್. ನಮ್ಮ ದಾವಣಗೆರೆ ಇರುವುದು 600 ಮೀಟರ್ ಆಸುಪಾಸಿನಲ್ಲಿ. ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಶೇ 60ರಷ್ಟೇ. ಕಾಲನ್ನು ಊರಲ್ಲೇ ಪಳಗಿಸಬಹುದು. ಉಸಿರು ಆ ಎತ್ತರಕ್ಕೆ ಒಗ್ಗುವುದು ಅಲ್ಲಿಗೆ ಹೋದ ಮೇಲೇ. ಅದಕ್ಕೇ ಮನಾಲಿಯಲ್ಲಿ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಸುಮ್ನೆ ರೂಮಲ್ಲಿ ಮಲಗಬೇಡಿ, ಹಳೇ ಮನಾಲಿ ಕಡೆ ನಿಧಾನಕ್ಕೆ ಓಡಾಡಿ.

ಅಭ್ಯಾಸಕ್ಕೆ ಕುಂದವಾಡ ಕೆರೆ ಏರಿ ಮೇಲಿನ ನಡಿಗೆ ಸಾಲದು, ಅದು ಸಪಾಟು. ಭಾನುವಾರ ಬೆಳಗ್ಗೆ ಚಿತ್ರದುರ್ಗಕ್ಕೆ ಹೋಗಿ ಕೋಟೆ ಹತ್ತಿ ಇಳಿಯಿರಿ. ಉಚ್ಚಂಗಿದುರ್ಗದ ಮೆಟ್ಟಿಲು ಇನ್ನೂ ಒಳ್ಳೆಯದು. ಬೆನ್ನಿಗೆ ನೀರಿನ ಬಾಟಲಿ ತುಂಬಿದ ಚೀಲ ಇರಲಿ. ಇಳಿಯುವಾಗ ಓಡಬೇಡಿ, ಮಂಡಿ ಸ್ವಲ್ಪ ಬಾಗಿಸಿ ಒಂದೊಂದೇ ಹೆಜ್ಜೆ ಇಡಿ. ಹೊಸ ಬೂಟನ್ನು ಇಲ್ಲೇ ಹಾಕಿ ಸವೆಸಿ, ಬೊಬ್ಬೆ ಏಳುವುದಿದ್ದರೆ ಇಲ್ಲೇ ಏಳಲಿ.

ಹೋಗುವುದಕ್ಕೆ ದಾವಣಗೆರೆಯಲ್ಲೇ ಹತ್ತಬಹುದಾದ ಸಂಪರ್ಕ ಕ್ರಾಂತಿ ರೈಲು ಇದೆ, ದೆಹಲಿಯ ಹಜರತ್ ನಿಜಾಮುದ್ದೀನ್‌ವರೆಗೆ. ದಿನಾ ಇಲ್ಲ, ವಾರ ನೋಡಿಕೊಳ್ಳಿ. ದೆಹಲಿಯ ಕಾಶ್ಮೀರಿ ಗೇಟ್‌ನಿಂದ ಮನಾಲಿಗೆ ರಾತ್ರಿ ಬಸ್ಸು. ತಿರುವು ಬಹಳ, ರಾತ್ರಿ ಊಟ ಕಡಿಮೆ ಮಾಡಿ.

ಮನಾಲಿಯಿಂದ ಜೀಪಿನಲ್ಲಿ ಜೋಬ್ರಾವರೆಗೆ. ಅಲ್ಲಿಂದ ಚೀಕಾ, ಬಾಲು ಕಾ ಘೇರಾ, ಆಮೇಲೆ ಪಾಸ್, ಆ ಕಡೆ ಶಿಯಾಗೋರು, ಕೊನೆಗೆ ಛತ್ರು. ಜೋಬ್ರಾ ದಾಟಿದ ಮೇಲೆ ಫೋನ್ ಸಿಗ್ನಲ್ ನಂಬಬೇಡಿ, ಮನೆಗೆ ಮೊದಲೇ ಹೇಳಿಬಿಡಿ. ಮೊದಲೆರಡು ದಿನದ ನಡಿಗೆ ನಿಜವಾಗಿ ಸುಖ. ಹುಲ್ಲುಗಾವಲು, ಹೂವು, ಕುರಿಮಂದೆ. ಕುರಿ ಕಾಯುವವರು ಮಂದೆಯ ಜೊತೆ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರೆ ನಾಚಿಕೆ ಆಗುತ್ತದೆ ಅಷ್ಟೇ.

ಹಳ್ಳ ದಾಟುವುದು ಬೇರೆಯೇ ಕಥೆ. ಹಿಮ ಕರಗಿದ ನೀರು, ಮಂಡಿವರೆಗೆ ಬರುತ್ತದೆ. ಬಿಸಿಲೇರಿದಂತೆ ಹಿಮ ಜಾಸ್ತಿ ಕರಗಿ ಮಧ್ಯಾಹ್ನ ನೀರು ಏರುತ್ತದೆ, ಬೆಳಗ್ಗೆಯೇ ದಾಟಿದರೆ ಕಷ್ಟ ಕಡಿಮೆ. ಬೂಟು ಬಿಚ್ಚಿ ಪಟ್ಟಿ ಇರುವ ಸ್ಯಾಂಡಲ್ ಹಾಕಿಕೊಳ್ಳಿ, ಚೀಲದ ಸೊಂಟದ ಬಕಲ್ ತೆಗೆಯಿರಿ, ಕೈ ಕೈ ಹಿಡಿದು ಸಾಲಾಗಿ ದಾಟಿ. ನೀರಿಗಿಳಿದ ಮೇಲೆ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆ ಬೇಡ. ಅರ್ಧ ನಿಮಿಷಕ್ಕೆ ಪಾದ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಪಾಸ್ ದಿನ ನಸುಕಿನಲ್ಲೇ ಹೊರಡಿಸುತ್ತಾರೆ. ಏರು ನಿಧಾನಕ್ಕೆ ಮುಗಿಯುತ್ತದೆ. ಮೇಲೆ ನಿಂತರೆ ಹಿಂದೆ ಹಸಿರು, ಮುಂದೆ ಬೋಳು ಕಂದು ಬೆಟ್ಟ. ಮುಂಗಾರು ಕುಲ್ಲು ಕಡೆಗೇ ಸುರಿದು ಮುಗಿಯುವುದರಿಂದ ಲಾಹೌಲ್ ಒಣಗಿಕೊಂಡೇ ಇರುತ್ತದೆ. ಆಗುಂಬೆಯಿಂದ ಚಳ್ಳಕೆರೆಗೆ ಬಂದರೆ ಏನು ಬದಲಾವಣೆಯೋ ಅದು ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ಕಾಣುತ್ತದೆ. ನೋಡಿಕೊಂಡು ಬೇಗ ಇಳಿಯಿರಿ. ಶಿಯಾಗೋರು ಕಡೆಯ ಇಳಿಜಾರು ಕಡಿದು, ಸಡಿಲ ಕಲ್ಲು, ಜೂನ್‌ನಲ್ಲಾದರೆ ಹಿಮ. ಹಿಂದಿನ ದಿನವೇ ಕಾಲುಗುರು ಕತ್ತರಿಸಿ, ಬೂಟಿನ ಲೇಸು ಬಿಗಿ ಕಟ್ಟಿ, ಊರುಗೋಲು ಕೈಯಲ್ಲಿರಲಿ. ಹಿಮದ ಮೇಲೆ ಕಪ್ಪು ಕನ್ನಡಕ ಬೇಕೇ ಬೇಕು.

ತಲೆನೋವು, ವಾಕರಿಕೆ, ನಿದ್ದೆ ಬರದಿರುವುದು ಶುರುವಾದರೆ ಗೈಡ್‌ಗೆ ಕೂಡಲೇ ಹೇಳಿ. ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಡುವವರೇ ಜಾಸ್ತಿ, ಅದರಲ್ಲೂ ಗಂಡಸರು. ತೊಂದರೆ ಏರುತ್ತಿದ್ದರೆ ಕೆಳಗಿಳಿಯುವುದೊಂದೇ ಮದ್ದು. ಎತ್ತರದಿಂದ ಬರುವ ಈ ತೊಂದರೆಗೆ ಕೊಡುವ ಡಯಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಅವರಿಗೆ ಹೇಳಿ.

ಅಷ್ಟು ಎತ್ತರದಲ್ಲಿ ಹಸಿವೂ ಸಾಯುತ್ತದೆ. ಶಿಯಾಗೋರಿನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯುವ ಮಾತೇ ಇಲ್ಲ. ಊಟ ಸೇರದಿದ್ದಾಗ ನಮ್ಮನ್ನು ಕಾಪಾಡಿದ್ದು ಶೇಂಗಾ ಚಟ್ನಿಪುಡಿ. ಮಂಡಕ್ಕಿ ಒಯ್ಯೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹಗುರ, ನಿಜ, ಆದರೆ ಅರ್ಧ ಚೀಲ ಅದಕ್ಕೇ ಹೋಗುತ್ತದೆ. ಅದರ ಬದಲು ಚಿಕ್ಕಿ ಒಯ್ಯಿರಿ. ಬಟ್ಟೆಯಲ್ಲಿ ಜೀನ್ಸ್ ಬೇಡ, ನೆಂದರೆ ಒಣಗುವುದಿಲ್ಲ.

ಛತ್ರುವಿನಿಂದ ಚಂದ್ರತಾಲ್ ಸರೋವರಕ್ಕೆ ಗಾಡಿಯಲ್ಲಿ ಹೋಗಬಹುದು. ಸರೋವರ ಚೆಂದ, ರಸ್ತೆ ಅನ್ನುವುದು ಹೆಸರಿಗೆ ಮಾತ್ರ. ಬೆನ್ನುನೋವು ಇರುವವರು ಬಿಟ್ಟುಬಿಡಿ. ಮನಾಲಿಗೆ ವಾಪಸು ಬರಲು 2020ರಲ್ಲಿ ತೆರೆದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಇದೆ, ರೋಹತಾಂಗ್ ಹತ್ತುವ ಗೋಜಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಕುಲ್ಲು ಕಡೆ ಮಳೆ ಜೋರು. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಮನಾಲಿ ಹೆದ್ದಾರಿ ಅಲ್ಲಲ್ಲಿ ಕೊಚ್ಚಿಹೋಗಿತ್ತು, ಚಂದ್ರತಾಲ್‌ನಲ್ಲಿ ನೂರಾರು ಜನ ಸಿಕ್ಕಿಕೊಂಡಿದ್ದರು. ನನ್ನ ಮಟ್ಟಿಗೆ ಸೆಪ್ಟೆಂಬರ್ ವಾಸಿ. ಯಾವ ತಿಂಗಳು ಹೋದರೂ ದೆಹಲಿಯಿಂದ ವಾಪಸು ಬರುವ ರೈಲಿಗೂ ನಡಿಗೆ ಮುಗಿಯುವ ದಿನಕ್ಕೂ ನಡುವೆ ಎರಡು ದಿನ ಖಾಲಿ ಬಿಟ್ಟು ಟಿಕೆಟ್ ಮಾಡಿಸಿ.