ಕೊಲೆಗಾರನ ಮೇಲೆ ಮರುಕ

‘ದಿ ಸೊಪ್ರಾನೋಸ್’ ಈಗ ನೋಡುತ್ತಿದ್ದೇನೆ. 1999ರಲ್ಲಿ ಅಮೆರಿಕದ ಎಚ್‌ಬಿಒ ಚಾನೆಲ್ಲಿನಲ್ಲಿ ಶುರುವಾಗಿ 2007ಕ್ಕೆ ಮುಗಿದ ಸೀರಿಯಲ್ಲು. ಶಿರಸಿಯ ಈ ಮಳೆಯಲ್ಲಿ, ಕರೆಂಟು ಇದ್ದಷ್ಟು ಹೊತ್ತು ಅದೇ.

ಟೋನಿ ನ್ಯೂಜೆರ್ಸಿಯ ಮಾಫಿಯಾದವನು. ಮನೆಯ ಈಜುಕೊಳಕ್ಕೆ ಬರುತ್ತಿದ್ದ ಬಾತುಕೋಳಿಗಳು ಹಾರಿಹೋದವೆಂದು ಕುಸಿದು ಬೀಳುತ್ತಾನೆ, ಮನೋವೈದ್ಯೆಯ ಎದುರು ಕೂತು ಅಳುತ್ತಾನೆ. ಅದೇ ಮನುಷ್ಯ ಐದನೇ ಕಂತಿನಲ್ಲಿ ಮಗಳಿಗೆ ಕಾಲೇಜು ತೋರಿಸಲು ಹೋದವನು, ದಾರಿಯಲ್ಲಿ ಕಣ್ಣಿಗೆ ಬಿದ್ದ ಹಳೆಯ ದ್ರೋಹಿಯೊಬ್ಬನ ಕುತ್ತಿಗೆಗೆ ತಂತಿ ಬಿಗಿದು ಕೊಲ್ಲುತ್ತಾನೆ. ಮಗಳು ಆಗ ಇಂಟರ್‌ವ್ಯೂನಲ್ಲಿ. ವಾಪಸ್ ಬಂದಾಗ ಅವನ ಬೂಟಿನ ಕೆಸರು ಅವಳ ಕಣ್ಣಿಗೆ ಬೀಳುತ್ತದೆ. ಏನೇನೋ ಹೇಳಿ ತಪ್ಪಿಸಿಕೊಳ್ಳುತ್ತಾನೆ. ಆ ಸುಳ್ಳು ಅವಳಿಗೆ ಗೊತ್ತಾಗದಿದ್ದರೆ ಸಾಕಪ್ಪಾ ಅಂತ ನಾನೇ ಉಸಿರು ಬಿಗಿಹಿಡಿದು ಕೂತಿದ್ದೆ! ಸತ್ತವನಿಗೂ ಒಬ್ಬಳು ಪುಟ್ಟ ಮಗಳಿದ್ದಳು ಅನ್ನೋದು ಆಮೇಲೆ ನೆನಪಾಯಿತು.

ಟೋನಿಯ ಪಾತ್ರ ಮಾಡಿದ ಜೇಮ್ಸ್ ಗ್ಯಾಂಡೊಲ್ಫಿನಿ 2013ರಲ್ಲಿ ತೀರಿಕೊಂಡರು. ಎಂಥಾ ನಟ! ಸುಮ್ಮನೆ ಕುರ್ಚಿಯಲ್ಲಿ ಕೂತು ಮೂಗಿನಲ್ಲಿ ಉಸಿರು ಬಿಟ್ಟರೂ ಸಿಟ್ಟು ಎಷ್ಟಿದೆ ಅಂತ ತಿಳಿಯುತ್ತದೆ.

ಪಕ್ಕದಲ್ಲಿ ಕೂತ ಆಯಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ “ಪಾಪ, ಅವಂಗೆ ನಿದ್ರೆ ಬತ್ತಿಲ್ಲೆ ಕಾಣ್ತು” ಅಂದಳು. ಗದಾಯುದ್ಧದ ಯಕ್ಷಗಾನದ ಆಟದಲ್ಲಿ ತೊಡೆ ಮುರಿದು ಬಿದ್ದ ಕೌರವನಿಗಾಗಿ ಬೆಳಗಿನ ಜಾವ ಕಣ್ಣೊರೆಸಿಕೊಳ್ಳುವ ಊರಿನವರು ನಾವು. ಅವನು ದ್ರೌಪದಿಗೆ ಮಾಡಿದ್ದು ಯಾರಿಗೂ ಮರೆತಿರುವುದಿಲ್ಲ. ಆದರೂ ಅಳು ಬರುತ್ತದೆ.

ಇವತ್ತು ಎರಡನೇ ಸೀಸನ್ ಶುರು. ನೋಡಿದವರು ದಯವಿಟ್ಟು ಕೊನೆ ಮಾತ್ರ ಹೇಳಬೇಡಿ.