ರೇಟು ಎಷ್ಟು ಇಳಿಸಿದ್ರಿ?

ಬಾಗಲಕೋಟೆ ನವನಗರದಲ್ಲಿ ಮನೆ ತಗೊಂಡಾಗಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ: "ರೇಟು ಎಷ್ಟು ಇಳಿಸಿದ್ರಿ?" ಬರೆದೇ ಬಿಡುತ್ತೇನೆ, ಇನ್ನು ಫೋನ್ ಮಾಡಬೇಡಿ. 42 ಲಕ್ಷ ಅಂದಿದ್ದರು, 40ಕ್ಕೆ ಮುಗಿಯಿತು.

ಅಷ್ಟೇನಾ ಅಂತ ಮುಖ ಮಾಡಬೇಡಿ. ವಾಸ್ತುಶಾಂತಿ ದಿನ ನಮ್ಮ ಕಾಕಾ ಒಬ್ಬರು, ಹೋಳಿಗೆ ಮೇಲೆ ತುಪ್ಪ ಬೀಳುವ ಮೊದಲೇ, ಇಡೀ ಪಂಕ್ತಿಗೆ ಕೇಳುವ ಹಾಗೆ, "ಎರಡ ಲಕ್ಷಾನಾ? ನನ್ನ ಕರಕೊಂಡು ಹೋಗಿದ್ರ ಐದ ಇಳಸತಿದ್ನಿ" ಅಂದರು. ಕಾಕಾ, ಅದಕ್ಕೇ ಕರೆಯಲಿಲ್ಲ. ನೀವು ಬಾಗಿಲಲ್ಲೇ "ಗೋಡಿ ಬಿರುಕು ಬಿಟ್ಟೈತಿ, ದಿಕ್ಕು ಸರಿ ಇಲ್ಲ" ಅಂತ ಶುರು ಮಾಡುತ್ತೀರಿ. ಆಲಮಟ್ಟಿ ಹಿನ್ನೀರಿಗೆ ಹಳೇ ಮನೆ ಬಿಟ್ಟುಕೊಟ್ಟು ಮಾರುವವರ ಅಪ್ಪ ಇಲ್ಲಿ ಕಟ್ಟಿಸಿದ ಮನೆ ಅದು. ಅದಕ್ಕೆ ಕುಂದು ಹೇಳಿದರೆ ರೇಟು ಇಳಿಯೋದು ಹಾಗಿರಲಿ, ಚಹಾ ಕೂಡ ಬರೋದಿಲ್ಲ.

ಮಾರುವವರು ಮಗನ ಹತ್ತಿರ ಹುಬ್ಬಳ್ಳಿಗೆ ಹೋಗುವವರು, ಅಲ್ಲಿ ಮನೆ ಇನ್ನೂ ರೆಡಿ ಇರಲಿಲ್ಲ. ಖರೀದಿ ಆದ ಮೇಲೂ ಎರಡು ತಿಂಗಳು ಬಾಡಿಗೆ ಇಲ್ಲದೆ ಇಲ್ಲೇ ಇರಿ ಅಂದೆ. ಎರಡು ಲಕ್ಷ ಇಳಿದದ್ದು ಆ ಮಾತಿಗೆ.

ಸಂಚಕಾರ ಪತ್ರದಲ್ಲಿ (ಮುಂಗಡ ಕೊಟ್ಟು ಮಾಡುವ ಕರಾರಿನಲ್ಲಿ) ಏನು ಬರೆಸಿದ್ರಿ ಅಂತ ಯಾರಾದರೂ ಕೇಳಲಿ ನೋಡೋಣ, ಕೂರಿಸಿ ಹೇಳುತ್ತೇನೆ. ಬ್ಯಾಂಕ್ ಸಾಲ ಸಿಗದಿದ್ದರೆ ಅಥವಾ ಕಾಗದದಲ್ಲಿ ತೊಡಕು ಬಂದರೆ ಸಂಚಕಾರ ಪೂರ್ತಿ ವಾಪಸ್. ಅಪ್ಪನಿಂದ ಬಂದ ಮನೆ ಅಂದಮೇಲೆ ಮಾರುವವರ ಅಕ್ಕತಂಗಿಯರ ಸಹಿಯೂ ಬೇಕು. "ಅವರೇನ ಕೇಳೂದಿಲ್ಲ ಬಿಡ್ರಿ" ಅಂದ ಏಜೆಂಟ. ಕೇಳೋದಿಲ್ಲ ಅಂದರೆ ಸಹಿ ಮಾಡೋಕೆ ಏನು ತ್ರಾಸು? ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ನಾಳೆ ಕೋರ್ಟಿಗೆ ಅಲೆಯುವವನು ನಾನು, ಅವನಲ್ಲ.

ಅವನೇ ಇನ್ನೊಂದು ದಾರಿ ಹೇಳಿದ. ಕಾಗದದಲ್ಲಿ 30 ತೋರಿಸಿ, ಉಳಿದದ್ದು ಕೈಯಲ್ಲಿ ಕೊಡಿ, ಇನ್ನೊಂದು ಲಕ್ಷ ಬಿಡಿಸುತ್ತೇನೆ ಅಂತ. ಆಸೆ ಆಗೋದಿಲ್ಲ ಅಂತಲ್ಲ, ಕಾಗದದ ಬೆಲೆ ಕಡಿಮೆಯಾದರೆ ಶುಲ್ಕವೂ ಕಡಿಮೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಗಿದೆ, ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿ ಶೇ. 7.6. ಅಂದರೆ 40 ಲಕ್ಷಕ್ಕೆ ಮೂರು ಲಕ್ಷದ ಮೇಲೆ, ನಾನು ಇಳಿಸಿದ್ದಕ್ಕಿಂತ ಜಾಸ್ತಿ! ಆದರೆ ಅದು ಕಳ್ಳ ಲೆಕ್ಕ, ಮೇಲಾಗಿ ಬ್ಯಾಂಕು ಸಾಲ ಕೊಡೋದು ಕಾಗದದ ಬೆಲೆ ನೋಡಿ. ಕೈಯಲ್ಲಿ ಕೊಡೋ ಒಂಬತ್ತು ಲಕ್ಷ ಎಲ್ಲಿಂದ ತರಲಿ? ಬೇಡ ಅಂದೆ.

ಕಮಿಷನ್ ಮಾತ್ರ ಆ ಏಜೆಂಟ 42ರ ಮೇಲೆ ಲೆಕ್ಕ ಹಾಕಿಕೊಂಡು ಬಂದಿದ್ದ.